ಊಟ ಬಲ್ಲವನು ಮತ್ತು ಉಣಿಸುವವನು

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಆದರೆ ಊಟ "ಬಲ್ಲವ"ನಾಗಲು ಬರೀ ತಿಳಿವಳಿಕೆ ಸಾಕೇ? ಜೇಬಿನಲ್ಲಿ ಕಾಸು, ಕೈಯಲ್ಲಿ ಸಮಯ ಬೇಡವೇ?

ಡಾಲ್ಡಾದ ಕಥೆಯನ್ನೇ ನೋಡಿ. 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ವನಸ್ಪತಿ, ತುಪ್ಪ ಕೊಳ್ಳಲಾಗದ ಸಂಸಾರಗಳ ಪಾಲಿನ ತುಪ್ಪವಾಯಿತು. ಬೇಕರಿಯ ಖಾರಾ ಬಿಸ್ಕತ್ತಿಗೂ ಅಂಗಡಿಯ ಸಿಹಿತಿಂಡಿಗೂ ಅದೇ. ಅಗ್ಗ, ಬೇಗ ಕೆಡುವುದೂ ಇಲ್ಲ. ವ್ಯಾಪಾರಿಗೆ ಇನ್ನೇನು ಬೇಕು? ಎಣ್ಣೆಗೆ ಹೈಡ್ರೋಜನ್ ಸೇರಿಸಿ ಹೀಗೆ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ತೋರಿಸಿದರು.

ಇದಕ್ಕೆ ಎರಡು ಬಗೆಯ ಮದ್ದು ಬಂತು. ಡೆನ್ಮಾರ್ಕ್ 2003ರಲ್ಲಿ ತಯಾರಕನಿಗೇ ಹೇಳಿತು: ನೂರು ಗ್ರಾಂ ಕೊಬ್ಬಿನಲ್ಲಿ ಇದು 2 ಗ್ರಾಂ ಮೀರಕೂಡದು. ನಾವಿರುವ ಅಮೆರಿಕ 2006ರಿಂದ ತಿನ್ನುವವನಿಗೆ ಹೇಳಿತು: ಲೇಬಲ್ ಓದಿಕೊಳ್ಳಿ. ಆ ಲೇಬಲ್ಲಿನಲ್ಲೂ, ಒಂದು ಸರ್ವಿಂಗಿಗೆ ಅರ್ಧ ಗ್ರಾಮಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯಬಹುದಿತ್ತು!

"ಏನು ತಿನ್ನಬೇಕೆಂಬುದು ನನ್ನಿಷ್ಟ, ಸರ್ಕಾರಕ್ಕೇಕೆ ಆ ಉಸಾಬರಿ?" ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಆದರೆ ಎರಡು ಕಡೆ ದುಡಿದು ಮನೆಗೆ ಓಡುವ ತಾಯಿ ಅಂಗಡಿಯಲ್ಲಿ ನಿಂತು ಎಷ್ಟು ಲೇಬಲ್ ಓದಿಯಾಳು? ಓದಿದರೂ, ದುಬಾರಿ ಎಣ್ಣೆಯನ್ನು ಪ್ರತಿ ತಿಂಗಳೂ ಕೊಳ್ಳಬಲ್ಲಳೇ? ಹೋಟೆಲಿನ ತಟ್ಟೆಗಂತೂ ಲೇಬಲ್ಲೇ ಇಲ್ಲ. ಆಯ್ಕೆಯೇ ಇಲ್ಲದವರಿಗೆ ಆಯ್ಕೆಯ ಸ್ವಾತಂತ್ರ್ಯವನ್ನು ಬೋಧಿಸುವುದು ನ್ಯಾಯವಲ್ಲ.

ಕೊನೆಗೆ ಅಮೆರಿಕವೂ 2015ರಲ್ಲಿ ಇಂಥ ಎಣ್ಣೆ ಸುರಕ್ಷಿತವಲ್ಲವೆಂದು ತೀರ್ಮಾನಿಸಿ, 2018ರಿಂದ ಬಳಕೆ ನಿಲ್ಲಿಸತೊಡಗಿತು. ಭಾರತದಲ್ಲಿ 2022ರಿಂದ ಮಿತಿ ಶೇಕಡಾ 2. ಆದರೂ ಕಾನೂನು ಕೆಟ್ಟದ್ದನ್ನು ತೆಗೆಯಬಲ್ಲದೇ ಹೊರತು ಒಳ್ಳೆಯದನ್ನು ತಾನಾಗಿ ಅಗ್ಗ ಮಾಡಲಾರದು. ವನಸ್ಪತಿಯ ಜಾಗಕ್ಕೆ ಎಷ್ಟೋ ಕಡೆ ಬಂದದ್ದು ಅಗ್ಗದ ಪಾಮೆಣ್ಣೆ. ಅದರಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬೇ.

ಹಾಗಾದರೆ ಹೊಣೆ ಯಾರದು? ತನಗಾಗಿ ಬೇಯಿಸಿಕೊಳ್ಳುವವನ ಹೊಣೆ ಅವನದೇ. ಆದರೆ ಇತರರಿಗೆ ಉಣಿಸುವವನು, ಮಾರುವವನಾಗಲಿ ಬಡಿಸುವವನಾಗಲಿ, ಅವರ ನಂಬಿಕೆಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ನಮ್ಮ ಸಂಘದ ಹಬ್ಬದೂಟವೂ ಇದಕ್ಕೆ ಹೊರತಲ್ಲ. ಎಲೆಯ ಮುಂದೆ ಕುಳಿತ ಅಜ್ಜಿಯಾಗಲಿ ಮಗುವಾಗಲಿ "ಬೋಂಡ ಯಾವ ಎಣ್ಣೆಯಲ್ಲಿ ಕರಿದದ್ದು?" ಎಂದು ಕೇಳುವುದಿಲ್ಲ. ಊಟದ ಖರ್ಚಿನ ಪಟ್ಟಿಯಲ್ಲಿ ಎಣ್ಣೆಯ ಬಾಬ್ತಿನಿಂದ ಹತ್ತು ಡಾಲರ್ ಉಳಿಸುವ ಮುನ್ನ, ಅವರು ಕೇಳದ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ಓದುಗ ಮಿತ್ರರೇ, ನೀವೇನೆನ್ನುತ್ತೀರಿ?