ಸಾಲಿಗೆ ಏಳದ ಅಜ್ಜಿ

ಕಳೆದ ವರ್ಷ ನಮ್ಮ ಊರಿನ ಧರ್ಮಕೇಂದ್ರದವರು ಒಂದು ಸ್ಮರಣ ಸಂಚಿಕೆಯನ್ನು ಹೊರತಂದರು. ಹಿಂದಿನ ತಲೆಮಾರಿನ ಭಕ್ತಾದಿಗಳ ಬಗ್ಗೆ ಅವರವರ ಮನೆಯವರಿಂದಲೇ ಬರೆಸಬೇಕೆಂಬುದು ಅವರ ಅಪೇಕ್ಷೆ. ನನ್ನ ಅಜ್ಜಿಯ ಕುರಿತು ನಾನೂ ಒಂದು ಪುಟ ಬರೆದುಕೊಟ್ಟೆ. ಬೆಳಗಿನ ಪೂಜೆಯನ್ನು ತಪ್ಪಿಸದವಳು, ಜಪಸರ ಮುಗಿಸದೆ ಹಾಸಿಗೆ ಬಿಚ್ಚದವಳು, ಜೂನ್ 13ರ ಹಬ್ಬಕ್ಕೆ ಬುತ್ತಿ ಕಟ್ಟಿಕೊಂಡು ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ನಡೆದೇ ಹೋಗುತ್ತಿದ್ದವಳು, ಬಾಗಿಲಿಗೆ ಬಂದ ಯಾರನ್ನೂ ಬರಿಹೊಟ್ಟೆಯಲ್ಲಿ ಕಳುಹಿಸದವಳು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಓದಿದವರೆಲ್ಲ ಸಂತಳಂಥ ಹೆಂಗಸು ಎಂದರು. ಆದರೆ ಅಚ್ಚಾದ ಪುಟವನ್ನು ಕೈಯಲ್ಲಿ ಹಿಡಿದಾಗ ನನಗೆ ಸಮಾಧಾನವಾಗಲಿಲ್ಲ. ಅಜ್ಜಿಯ ವಿಶ್ವಾಸವನ್ನು ನಾನು ಕಣ್ಣಾರೆ ಕಂಡದ್ದು ಯಾವ ಸಂಗತಿಯಲ್ಲೋ, ಅದನ್ನೇ ಬಿಟ್ಟು ಬರೆದಿದ್ದೆ.

1973ರ ಸುಮಾರಿನ ಮಾತು. ನನಗಾಗ ಹತ್ತು ವರ್ಷ. ಪೂಜೆಗೆ ಅಜ್ಜಿಯ ಪಕ್ಕದಲ್ಲೇ ನನ್ನ ಜಾಗ. ಅವಳು ಎಲ್ಲರಿಗಿಂತ ಮೊದಲು ಮೊಣಕಾಲೂರುತ್ತಿದ್ದಳು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಪರಮಪ್ರಸಾದದ ಸಮಯ ಬಂದಾಗ ಮಾತ್ರ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದಳು. ಸಾಲು ಅವಳನ್ನು ಬಳಸಿಕೊಂಡು ಮುಂದೆ ಹೋಗುತ್ತಿತ್ತು. ಯಾರಾದರೂ ಕೇಳಿದರೆ, "ಕಾಫಿ ಕುಡಿದುಬಿಟ್ಟೆ ಕಣಮ್ಮ" ಎನ್ನುವಳು.

ಆ ಉತ್ತರವನ್ನು ಜನ ಏಕೆ ನಂಬುತ್ತಿದ್ದರೆಂಬುದನ್ನು ಇಂದಿನ ಓದುಗರಿಗೆ ತಿಳಿಸಬೇಕು. ಹಿಂದೆ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ನೀರಿಗೆ ವಿನಾಯಿತಿ ಕೊಟ್ಟರು. 1957ರಲ್ಲಿ ಉಪವಾಸದ ಅವಧಿ ಮೂರು ಗಂಟೆಗೂ, 1964ರಲ್ಲಿ ಒಂದು ಗಂಟೆಗೂ ಇಳಿಯಿತು. ಆದರೂ ನಮ್ಮೂರಿನ ಮುದುಕಿಯರು ನಡುರಾತ್ರಿಯ ಲೆಕ್ಕವನ್ನು ಬಿಟ್ಟಿರಲಿಲ್ಲ. ಹಾಗಾಗಿ ಕಾಫಿಯ ಮಾತಿಗೆ ಎದುರು ಮಾತಿರಲಿಲ್ಲ. ನಾನೊಬ್ಬ ಮಾತ್ರ ಬಲ್ಲೆ, ಪೂಜೆಯಿಂದ ಮರಳುವವರೆಗೆ ನಮ್ಮ ಮನೆಯ ಒಲೆಯೇ ಹೊತ್ತುತ್ತಿರಲಿಲ್ಲ.

ನಿಜವಾದ ಕಾರಣ ಒಂದು ಕಾಸಿನ ಸರ. ಅಜ್ಜಿಯ ತಾಯಿ ತೀರಿಕೊಂಡಾಗ ಹಿರಿಯ ಮಗಳಿಗೆ ಬರಬೇಕಾಗಿದ್ದ ಆ ಸರ ತಂಗಿಯ ಪೆಟ್ಟಿಗೆ ಸೇರಿತ್ತು. ಅಕ್ಕ ತಂಗಿ ಇಬ್ಬರನ್ನೂ ಒಂದೇ ಬೀದಿಗೆ ಮದುವೆ ಮಾಡಿಕೊಟ್ಟಿದ್ದರು. ಬಾವಿಕಟ್ಟೆಯ ಮೇಲೆ ಒಂದು ದಿನ ಮಾತಿಗೆ ಮಾತು ಬೆಳೆಯಿತು. ಅಂದು ನಿಂತ ಮಾತು ಒಂಬತ್ತು ವರ್ಷ ಮತ್ತೆ ಮೊದಲಾಗಲಿಲ್ಲ. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಹೇಳಿದ ಮಾತು, ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ಸಂಧಾನವಾಗಬೇಕೆಂಬ ಮಾತು, ಅಜ್ಜಿಯ ಕಿವಿಗೆ ಬಿದ್ದಿತ್ತು. ಓದು ಬರಹ ಬಾರದವಳು ಅದನ್ನು ಬರೆದಿದ್ದಂತೆಯೇ ತೆಗೆದುಕೊಂಡಳು. ತಂಗಿಯನ್ನು ಕ್ಷಮಿಸಲು ಅವಳಿಂದಾಗಲಿಲ್ಲ. ಕ್ಷಮಿಸಿದವಳಂತೆ ನಾಲಗೆ ಚಾಚಲೂ ಆಗಲಿಲ್ಲ.

ಅವಳು ಮಾಡಿದ್ದು ಸರಿಯೇ ಎಂದು ಕೇಳಿದರೆ, ಪೂರ್ತಿ ಸರಿಯೆಂದು ನಾನು ಹೇಳಲಾರೆ. ಪ್ರಭು ಕಾಣಿಕೆಯನ್ನು ಅಲ್ಲೇ ಬಿಟ್ಟು ಸುಮ್ಮನೆ ಕುಳಿತಿರು ಎನ್ನಲಿಲ್ಲ, ಎದ್ದು ಹೋಗು, ಸಂಧಾನವಾಗಿ ಮರಳಿ ಬಾ ಎಂದರು. ಅಜ್ಜಿ ಒಂಬತ್ತು ವರ್ಷ ಅರ್ಧ ಆಜ್ಞೆಯನ್ನಷ್ಟೇ ಪಾಲಿಸಿದಳು. ಪರಮಪ್ರಸಾದವು ಪರಿಪೂರ್ಣರಿಗೆ ಸಲ್ಲುವ ಬಹುಮಾನವಲ್ಲ, ದುರ್ಬಲರಿಗೆ ಔಷಧ ಎಂಬ ಅರ್ಥದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು 2013ರಲ್ಲಿ ಬರೆದದ್ದನ್ನೂ ನಾವು ಬಲ್ಲೆವು. ಕಾಫಿಯ ನೆಪವಂತೂ ಚೊಕ್ಕ ಸುಳ್ಳೇ. ಆದರೂ ತನ್ನೊಳಗಿನ ಗಂಟನ್ನು ಗಂಟೆಂದೇ ಒಪ್ಪಿಕೊಂಡು, ಊರೆಲ್ಲ ಎದ್ದಾಗ ಒಬ್ಬಳೇ ಕುಳಿತಿರುವುದಕ್ಕೆ ಬೇಕಾದ ದೈವಭಯ ಎಷ್ಟೆಂಬುದು ನನಗೆ ಈ ವಯಸ್ಸಿನಲ್ಲಿ ಅರ್ಥವಾಗುತ್ತಿದೆ.

ಹಿರಿಯರ ಇಂಥ ಕಥೆಗಳನ್ನು ಸಾರ್ವಜನಿಕವಾಗಿ ಹೇಳಬಹುದೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ನಾನು ಸಂತ ಅಗಸ್ಟೀನರ ಬಳಿಗೆ ಹೋದೆ. ಅವರ 'ಕನ್ಫೆಶನ್ಸ್' ಗ್ರಂಥದ ಒಂಬತ್ತನೆಯ ಭಾಗದಲ್ಲಿ ತಾಯಿ ಮೋನಿಕಾಳ ಸ್ಮರಣೆಯಿದೆ. ನಾವು ಆಕೆಯನ್ನು ಕಣ್ಣೀರಿನ ತಾಯಿಯೆಂದು ಬಲ್ಲೆವು. ಆಕೆ ಅಜ್ಜಿಯೂ ಆಗಿದ್ದಳೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. 387ರಲ್ಲಿ ಆಫ್ರಿಕಕ್ಕೆ ಮರಳುವ ದಾರಿಯಲ್ಲಿ, ಓಸ್ತಿಯ ಬಂದರಿನಲ್ಲಿ, 56ರ ವಯಸ್ಸಿನ ಮೋನಿಕಾ ಕೊನೆಯುಸಿರೆಳೆದಾಗ ಗೋಳೋ ಎಂದು ಅತ್ತವನು ಮೊಮ್ಮಗ ಅದೆಯೋದಾತ. ದೊಡ್ಡವರು ಅವನನ್ನು ಸುಮ್ಮನಾಗಿಸಿದರು. ಅಗಸ್ಟೀನರು ಅಂದು ಕಣ್ಣೀರನ್ನು ಬಲವಂತವಾಗಿ ಒಳಗೆ ನೂಕಿದರು.

ಅದೇ ಭಾಗದಲ್ಲಿ ಅವರು ತಾಯಿಯ ಬಾಲ್ಯದ ಒಂದು ದೋಷವನ್ನೂ ಬರೆದಿಡುತ್ತಾರೆ. ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳುಹಿಸುತ್ತಿದ್ದಾಗ ಹುಡುಗಿ ಮೋನಿಕಾ ಮೊದಲು ತುಟಿಗಷ್ಟೇ ತಾಗಿಸಿಕೊಂಡಳು, ಬರಬರುತ್ತ ಬಟ್ಟಲುಗಟ್ಟಲೆ ಕುಡಿಯತೊಡಗಿದಳು. ಜಗಳದಲ್ಲಿ ದಾಸಿಯೊಬ್ಬಳು ಕುಡುಕಿ ಎಂದು ಹಂಗಿಸಿದ ದಿನ ಆ ಚಟ ಬಿಟ್ಟಿತು. ಈ ಸಂಗತಿಯನ್ನು ಮಗನಿಗೆ ಹೇಳಿದವಳು ಸ್ವತಃ ಮೋನಿಕಾ. ಮಗ ಅದನ್ನು ಮುಚ್ಚಿಡಲಿಲ್ಲ. ಅಷ್ಟೇ ಅಲ್ಲ, ತಾಯಿಯ ಸದ್ಗುಣಗಳನ್ನೆಲ್ಲ ಒಂದು ಕ್ಷಣ ಬದಿಗಿಟ್ಟು ಆಕೆಯ ಪಾಪಗಳಿಗಾಗಿ ಪ್ರಾರ್ಥಿಸುತ್ತಾರೆ. ಓದುವವರೆಲ್ಲ ತಾಯಿ ಮೋನಿಕಾಳನ್ನೂ ತಂದೆ ಪತ್ರೀಸಿಯನನ್ನೂ ಬಲಿಪೀಠದ ಬಳಿ ನೆನೆಯಬೇಕೆಂದು ಕೋರುತ್ತಾರೆ.

ಇದನ್ನೋದಿದಾಗ ನನಗೆ ಹೊಳೆದದ್ದಿಷ್ಟು. ಅಜ್ಜಿಯನ್ನು ನಾವೇ ಸಂತಳಾಗಿಸಿದ ದಿನದಿಂದ ಅವಳಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದ್ದೆವು. ಸಂತರಿಗೆ ನಮ್ಮ ಪ್ರಾರ್ಥನೆ ಏಕೆ? ಧರ್ಮಸಭೆಗಾದರೂ ಈ ವಿಷಯದಲ್ಲಿ ಅಷ್ಟು ಅವಸರವಿರಲಿಲ್ಲ. ಸಂತಪದವಿಯ ವಿಚಾರಣೆಯಲ್ಲಿ ಆಕ್ಷೇಪಗಳನ್ನೆತ್ತಲೆಂದೇ 'ಸೈತಾನನ ವಕೀಲ'ನೆಂದು ಜನ ಕರೆಯುತ್ತಿದ್ದ ಒಬ್ಬ ಅಧಿಕಾರಿ 1587ರಿಂದ ಇದ್ದ. 1983ರ ಸುಧಾರಣೆಯಲ್ಲಿ ಆ ವ್ಯವಸ್ಥೆ ಬದಲಾಯಿತು. ನಮ್ಮ ಮನೆಗಳಲ್ಲಿ ಅಂಥ ವಕೀಲರು ಎಂದೂ ಇದ್ದದ್ದಿಲ್ಲ. ಇದ್ದಿದ್ದರೆ ವರ್ಷದ ಪೂಜೆಯ ಊಟಕ್ಕೆ ಅವರನ್ನು ಕರೆಯುತ್ತಿದ್ದೆವೇ ಎಂಬುದು ಅನುಮಾನ.

ನನ್ನ ಸೋದರತ್ತೆಗೆ ಇದೆಲ್ಲ ಹಿಡಿಸಲಿಲ್ಲ. "ಯಾಕಪ್ಪ ಅದೆಲ್ಲ ಈಗ? ಮಣ್ಣಾಗಿ ಹೋದ ಮಾತು" ಎಂದರು. ಅವರ ಮಾತಿನಲ್ಲಿಯೂ ನ್ಯಾಯವಿದೆ. ತಂಗಿಯ ಮೊಮ್ಮಕ್ಕಳು ಇಂದಿಗೂ ಅದೇ ದೇವಾಲಯದಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರ ಅಜ್ಜಿಯ ಮೇಲೆ ನನ್ನ ಅಜ್ಜಿಯ ಕೀರ್ತಿಯನ್ನು ಕಟ್ಟುವುದು ತಕ್ಕದ್ದಲ್ಲ. ಸರದ ಮೇಲೆ ಆ ಅಜ್ಜಿಗೂ ತನ್ನದೇ ಆದ ನ್ಯಾಯವಿದ್ದಿರಬಹುದು, ನಾನು ಕೇಳಿದ್ದು ಒಂದೇ ಕಡೆಯ ಕಥೆ. ಈ ಬರಹದಲ್ಲಿ ಊರಿನ ಹೆಸರು ಬಾರದಿರುವುದು ಇದೇ ಕಾರಣದಿಂದ.

ಗಂಟು ಬಿಚ್ಚಿದ್ದು ಒಂದು ತಪಸ್ಸುಕಾಲದಲ್ಲಿ. ತಂಗಿಗೆ ಪಾರ್ಶ್ವವಾಯು ಬಡಿದಿತ್ತು. ಶುಕ್ರವಾರ ರಾತ್ರಿ ಶಿಲುಬೆಯ ಹಾದಿ ಮುಗಿಸಿ ಬಂದ ಅಜ್ಜಿ ರಾಗಿ ಅಂಬಲಿ ಕಾಯಿಸಿ ತಂಬಿಗೆಗೆ ತುಂಬಿದಳು. ನನ್ನ ಕೈಗೆ ಲಾಟೀನು ಕೊಟ್ಟು "ನಡಿ ಮಗ" ಎಂದಳು. ಏನೋ ದೊಡ್ಡ ಮಾತು ನಡೆಯುವುದೆಂದು ನಾನು ಕಾದಿದ್ದೆ. ಏನೂ ನಡೆಯಲಿಲ್ಲ. ಅಜ್ಜಿ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು, ಕಟವಾಯಿಯಿಂದ ಇಳಿದದ್ದನ್ನು ಸೆರಗಿನಲ್ಲಿ ಒರೆಸಿದಳು. ತಂಗಿ ಅಳುತ್ತಿದ್ದಳೋ, ರೋಗಕ್ಕೆ ಕಣ್ಣು ಸೋರುತ್ತಿತ್ತೋ ತಿಳಿಯಲಿಲ್ಲ. ಮರುದಿನ ಪಾಪನಿವೇದನೆ, ಭಾನುವಾರ ಪರಮಪ್ರಸಾದ. ಸಾಲಿನಲ್ಲಿ ಅಜ್ಜಿಯ ಹಿಂದೆ ನಾನಿದ್ದೆ. ಅವಳ ಕಾಲು ನಡುಗುತ್ತಿತ್ತು.

ಸರ ಮರಳಿ ಬರಲಿಲ್ಲ. ತಂಗಿ ತೀರಿದ ಎಷ್ಟೋ ವರ್ಷಗಳ ನಂತರವೂ ಮದುವೆಮನೆಯಲ್ಲಿ ಯಾರ ಕೊರಳಲ್ಲಾದರೂ ಕಾಸಿನ ಸರ ಕಂಡರೆ ಅಜ್ಜಿಯ ಮುಖ ಬಿಗಿಯುತ್ತಿತ್ತು. ಇದನ್ನೂ ಹೇಳದಿದ್ದರೆ ಮತ್ತೆ ಆ ಸಂಚಿಕೆಯ ಪುಟವನ್ನೇ ಬರೆದಂತಾದೀತು.

ಇಷ್ಟು ಬರೆದ ಮೇಲೆ, ಅಂದು ಇದನ್ನೇಕೆ ಬಿಟ್ಟೆನೆಂಬುದನ್ನೂ ಹೇಳಬೇಕು. ಅಜ್ಜಿಯ ಗೌರವಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಅಜ್ಜಿ ಬಾಳಿದ ಮನೆಯ ಪಾಲಿನ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ಮಾತು ನಿಂತು ನಾಲ್ಕು ವರ್ಷಗಳಾದವು. ಈ ನಾಲ್ಕು ವರ್ಷಗಳಲ್ಲಿ ಒಂದು ಭಾನುವಾರವೂ ನಾನು ಪರಮಪ್ರಸಾದವನ್ನು ತಪ್ಪಿಸಿರಲಿಲ್ಲ, ಒಮ್ಮೆಯೂ ನನ್ನ ಕಾಲು ನಡುಗಿರಲಿಲ್ಲ. ಅಜ್ಜಿಯ ಬದುಕಿನಲ್ಲಿ ನನ್ನನ್ನು ಕುಟುಕುವ ಭಾಗ ಯಾವುದೋ, ಲೇಖನಿ ಅದನ್ನೇ ನಯವಾಗಿ ದಾಟಿಸಿತ್ತು.

ಎರಡು ಭಾನುವಾರಗಳಿಂದ ನಾನು ಸಾಲಿಗೆ ಎದ್ದಿಲ್ಲ. ಪಕ್ಕದಲ್ಲಿದ್ದ ಪರಿಚಯದವರು ಹುಷಾರಿಲ್ಲವೇ ಎಂದು ವಿಚಾರಿಸಿದರು. ಅಜ್ಜಿಯ ಕಾಫಿ ನಾಲಗೆಯ ತುದಿಗೆ ಬಂತು. ಒಂದೇ ಗಂಟೆಯ ಉಪವಾಸದ ಈ ಕಾಲದಲ್ಲಿ ಆ ನೆಪ ನಿಲ್ಲುವುದಿಲ್ಲ.

ನವೆಂಬರ್ 2ರ ಕಲ್ಲರೆ ಹಬ್ಬಕ್ಕೆ ನಾನು ಊರಿಗೆ ಹೋಗುವ ಹೊತ್ತಿಗೆ ಅಜ್ಜಿಯ ಸಮಾಧಿಗೆ ಪ್ರತಿ ವರ್ಷವೂ ಸುಣ್ಣ ಬಳಿದಿರುತ್ತದೆ. ಕೆಲವೊಮ್ಮೆ ಮುಟ್ಟಿದರೆ ಕೈಗೆ ಅಂಟುವಷ್ಟು ಹಸಿ. ಬಳಿಯುವವನು ತಮ್ಮನೇ, ಹಬ್ಬದ ಹಿಂದಿನ ಸಂಜೆ ಬಕೆಟ್ಟು ಹಿಡಿದು ಒಬ್ಬನೇ ಬರುತ್ತಾನೆಂದು ಸೋದರತ್ತೆ ಹೇಳಿದರು. ಈ ಬಾರಿ ಒಂದು ದಿನ ಮುಂಚೆಯೇ ಹೊರಡುವ ಬಸ್ಸಿನ ಸಮಯವನ್ನು ವಿಚಾರಿಸಿಟ್ಟಿದ್ದೇನೆ.