ಜೀರ್ಣೋದ್ಧಾರವೋ, ಮೋಹವೋ?

ಜೀರ್ಣವಾದುದನ್ನು ತ್ಯಜಿಸಬೇಕೆ, ಉದ್ಧರಿಸಬೇಕೆ ಎಂಬ ಪ್ರಶ್ನೆ ದೇಗುಲ, ಕೆರೆ, ಬಾವಿಗಳ ವಿಷಯದಲ್ಲಿ ನಮ್ಮ ಜನರಿಗೆ ತೊಡಕಾಗಿ ಕಂಡಿಲ್ಲ. ಉದ್ಧರಿಸುವುದೇ ಪುಣ್ಯವೆಂದು ಹಿರಿಯರು ಎಂದೋ ನಿರ್ಣಯಿಸಿದ್ದಾರೆ. ಆದರೆ ಗೃಹಸ್ಥನೊಬ್ಬನು ಮನೆಯ ಕೊಟ್ಟಿಗೆಯಲ್ಲಿ ಹಳೆಯ ಕಾರೊಂದನ್ನು ನಿಲ್ಲಿಸಿಕೊಂಡು, ರಜೆಯ ದಿನಗಳನ್ನೆಲ್ಲ ಅದರ ತಿರುಪು ಬಿಚ್ಚುವುದರಲ್ಲಿಯೂ ತುಕ್ಕು ಕೆರೆಯುವುದರಲ್ಲಿಯೂ ಕಳೆದರೆ ಅದನ್ನು ಏನೆನ್ನಬೇಕು? ಜೀರ್ಣೋದ್ಧಾರವೆ, ಮೋಹವೆ? ಈ ಪ್ರಶ್ನೆ ಚಿಕ್ಕದೆಂದು ವಾಚಕರು ಭಾವಿಸಬಾರದು. ವಸ್ತುಗಳೊಡನೆ ಮನುಷ್ಯನು ಹೇಗೆ ಬಾಳಬೇಕೆಂಬ ದೊಡ್ಡ ಪ್ರಶ್ನೆ ಇದರಲ್ಲಿ ಅಡಗಿದೆ.

ಕಾರ್ಕಳ ತಾಲ್ಲೂಕಿನ ಅಜೆಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟದ ತಪ್ಪಲಿನ ಆ ಊರಿನಲ್ಲಿ ಮಳೆಗಾಲವೆಂದರೆ ಬಟ್ಟೆ ಒಣಗದ, ಕಬ್ಬಿಣ ಉಳಿಯದ ಕಾಲ. ಅಲ್ಲಿನ ಒಂದು ಮನೆಯಲ್ಲಿ ಸಿಪಾನಿ ಡಾಲ್ಫಿನ್ ಕಾರೊಂದು ನಿಂತಿದೆಯೆಂದು ಕಲ್ಪಿಸಿಕೊಳ್ಳಿರಿ. ಇದು ನಮ್ಮ ಬೆಂಗಳೂರಿನಲ್ಲಿಯೇ 1982ರಿಂದ ತಯಾರಾದ ಎರಡು ಬಾಗಿಲುಗಳ ಪುಟ್ಟ ವಾಹನ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಎಂಜಿನ್ನು 848 ಸಿ.ಸಿ.ಯದು. ಮೈ ಹಗುರವಾದುದರಿಂದ ರ‍್ಯಾಲಿಯ ಓಟಗಾರರು ಇದನ್ನು ಮೆಚ್ಚಿದರು. ತಯಾರಿಕೆ ನಿಂತು ದಶಕಗಳೇ ಸಂದಿವೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಹಳೆಯ ಕಾರನ್ನು ಹುಡುಕಬೇಕು, ಇಲ್ಲವೆ ಲೇತ್‌ ಯಂತ್ರದ ಕೆಲಸಗಾರನ ಬಳಿಗೆ ಹೋಗಿ ಕಡೆಸಬೇಕು.

ಈ ಕಾರಿನ ರಚನೆಯಲ್ಲಿ ಒಂದು ವಿಶೇಷವಿದೆ. ಇದರ ಮೈ ಫೈಬರ್ ಗಾಜಿನದು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಆ ಮೈಯನ್ನು ಹೊತ್ತ ಅಡಿಯ ಚಾಸಿ ಉಕ್ಕಿನದು. ಹೊರಗೆ ಒರೆಸಿ ಬಣ್ಣ ಹಚ್ಚಿದರೆ ನಿನ್ನೆ ಕೊಂಡಂತೆ ಹೊಳೆಯುತ್ತದೆ. ಒಳಗೆ ನಲವತ್ತು ಮಳೆಗಾಲಗಳ ತೇವ ಉಕ್ಕನ್ನು ತಿಂದಿರಬಹುದು. ಕಾಣುವುದು ಕೆಡದು, ಕೆಡುವುದು ಕಾಣದು. ದುರಸ್ತಿ ಮಾಡಹೊರಟವನ ಮುಂದೆ ಧರ್ಮಪ್ರಶ್ನೆ ಮೊದಲು ಏಳುವುದು ಇಲ್ಲಿಯೇ: ನಾಲ್ವರು ನೋಡಿ ಮೆಚ್ಚುವ ಮೈಯಿಂದ ಆರಂಭಿಸಲೆ, ಯಾರೂ ಬಗ್ಗಿ ನೋಡದ ಅಡಿಯಿಂದ ಆರಂಭಿಸಲೆ?

ಬಲ್ಲವರು ಅಡಿಯಿಂದಲೇ ಆರಂಭಿಸುತ್ತಾರೆ. ಮೈಯನ್ನು ಎತ್ತಿ ಬೇರೆಯಿಟ್ಟು, ಚಾಸಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಟೊಳ್ಳಾದ ಭಾಗವನ್ನು ಕೊಯ್ದು ತೆಗೆದು ಹೊಸ ಉಕ್ಕನ್ನು ಬೆಸೆಯುತ್ತಾರೆ. ಫೈಬರಿಗೆ ಬೆಂಕಿ ತಗಲುವ ಭಯವಿರುವುದರಿಂದ ಮೈಯನ್ನು ಕಳಚದೆ ಬೆಸುಗೆಗೆ ಕೈಹಾಕುವುದಿಲ್ಲ. ಬಹುಕಾಲ ನಿಂತ ಎಂಜಿನ್ನನ್ನು ಅವಸರದಿಂದ ಚಾಲೂ ಮಾಡುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆ ಬಿಟ್ಟು, ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವ ಮುನ್ನ ಬ್ರೇಕನ್ನು ಸರಿಪಡಿಸುತ್ತಾರೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಾಗೆ ಹೀರಿದ ನೀರು ಒಳಗಿನ ಸಿಲಿಂಡರುಗಳನ್ನು ತುಕ್ಕುಗೊಳಿಸುತ್ತದೆ, ರಬ್ಬರಿನ ಬಿಲ್ಲೆಗಳೂ ವಯಸ್ಸಾಗಿ ಬಿರಿದಿರುತ್ತವೆ. ನಿಲ್ಲಲು ಬಾರದ ವಾಹನಕ್ಕೆ ಓಡುವ ಅಧಿಕಾರವಿಲ್ಲ.

ಇದು ಕೇವಲ ಕುಶಲತೆಯ ಮಾತಲ್ಲ. ಅಜೆಕಾರಿನಿಂದ ಹೆಬ್ರಿಯ ಮೇಲೆ ಹೊರಟರೆ ಮುಂದೆ ಆಗುಂಬೆಯ ಘಾಟಿ. ಅಲ್ಲಿ 14 ಕಡಿದಾದ ತಿರುವುಗಳು. ಎದುರಿನಿಂದ ಇಳಿಯುವ ಬಸ್ಸಿನಲ್ಲಿ ಕುಳಿತ ತಾಯಿಗೂ ಮಗುವಿಗೂ ಈ ಕಾರಿನ ಬಣ್ಣದಿಂದ ಪ್ರಯೋಜನವಿಲ್ಲ. ಅದರ ಚಾಸಿಯ ಬೆಸುಗೆಯ ಮೇಲೆ ಅವರ ಪ್ರಾಣ ನಿಂತಿದೆ. ಯಾರೂ ಕಾಣದ ಕಡೆ ಮಾಡಿದ ಕೆಲಸದ ಶುದ್ಧಿಯೇ ಪರರಿಗೆ ನಾವು ತೋರುವ ನಿಜವಾದ ದಯೆ.

ಎರಡನೆಯ ಪ್ರಶ್ನೆ ತತ್ತ್ವದ್ದು. ಚಾಸಿಯ ತುಂಡು ಹೊಸದು, ತಂತಿ ಹೊಸದು, ಚಕ್ರ ಹೊಸದು, ಬಣ್ಣ ಹೊಸದು. ಹಾಗಾದರೆ ಇದು ಅದೇ ಕಾರೆ? ಗ್ರೀಕರು ಥೀಸಿಯಸನ ಹಡಗನ್ನು ಮುಂದಿಟ್ಟುಕೊಂಡು ಇದನ್ನೇ ಚರ್ಚಿಸಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ ರಥವನ್ನೇ ತೋರಿಸಿ, ಅಚ್ಚು, ಗಾಲಿ, ನೊಗಗಳಲ್ಲಿ ಯಾವುದು ರಥವೆಂದು ಕೇಳಿದನು. ನಮ್ಮ ಸರ್ಕಾರವೂ 2021ರಲ್ಲಿ ಇದೇ ಪ್ರಶ್ನೆಗೆ ತನ್ನ ರೀತಿಯಲ್ಲಿ ಉತ್ತರಿಸಿದೆ. ಅಂದಿನ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ. ಕಾನೂನಿಗೆ ಗೆರೆ ಎಳೆಯಲೇಬೇಕು. ಆದರೆ ಸತ್ಯಕ್ಕೆ ಬೇಕಾದುದು ಇನ್ನೂ ಸರಳ: ಏನನ್ನು ಬದಲಾಯಿಸಿದೆನೋ ಅದನ್ನು ಬದಲಾಯಿಸಿದೆನೆಂದೇ ಹೇಳುವುದು. ಹೊಸ ಭಾಗವನ್ನು ಹಾಕುವುದು ದೋಷವಲ್ಲ. ಹೊಸದನ್ನು ಮೂಲದ್ದೆಂದು ಹೇಳಿ ಹೆಚ್ಚು ಬೆಲೆಗೆ ಮಾರುವುದು ದೋಷ. ಚಾಸಿಯ ಸಂಖ್ಯೆಯನ್ನು ತಿದ್ದುವುದಂತೂ ಅಪರಾಧವೇ ಸರಿ. ಮಾಡಿದ ಪ್ರತಿ ಕೆಲಸವನ್ನೂ ಪುಸ್ತಕದಲ್ಲಿ ಬರೆದಿಟ್ಟವನ ಕಾರು, ಭಾಗಗಳೆಲ್ಲ ಬದಲಾದರೂ, ತನ್ನ ಚರಿತ್ರೆಯಿಂದ ಅದೇ ಕಾರಾಗಿ ಉಳಿಯುತ್ತದೆ.

ಇನ್ನು ಆಕ್ಷೇಪ. ನೆರೆಯವನ ಮನೆಯ ಮಾಡು ಸೋರುತ್ತಿರುವಾಗ ಕಾರಿನ ಮಾಡಿಗೆ ಹಣ ಸುರಿಯುವುದು ನ್ಯಾಯವೆ? ಈ ಮಾತನ್ನು ತಳ್ಳಿಹಾಕಲಾಗದು. ಮಕ್ಕಳ ಶುಲ್ಕವನ್ನು ತಡೆದು, ಮಡದಿಯ ಮಾತನ್ನು ಮೀರಿ, ಸಾಲಮಾಡಿ ಕೊಂಡ ಬಿಡಿಭಾಗವು ಭಾರವೇ ಹೊರತು ಉದ್ಧಾರವಲ್ಲ. ಆದರೆ ಮಿತವಾದ ವೆಚ್ಚದಲ್ಲಿ, ಸ್ವಂತ ಕೈಯಿಂದ ದುಡಿದು, ಊರಿನ ಲೇತ್ ಕೆಲಸಗಾರನಿಗೂ ಬೆಸುಗೆಯವನಿಗೂ ನ್ಯಾಯವಾದ ಕೂಲಿ ಕೊಟ್ಟು, ಪಕ್ಕದಲ್ಲಿ ನಿಂತ ಮಗಳಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದರೆ ಅದರಲ್ಲಿ ಶ್ರಮದ ಗೌರವವಿದೆ. ಕೆಟ್ಟೊಡನೆ ಎಸೆಯುವುದನ್ನೇ ಕಲಿತ ಈ ಕಾಲದಲ್ಲಿ, ಕೆಟ್ಟುದನ್ನು ಸರಿಪಡಿಸಬಹುದೆಂಬ ನಂಬಿಕೆ ಒಂದು ಸಂಪತ್ತು. ಈ ನಂಬಿಕೆಯುಳ್ಳವನು ಮುರಿದ ಸ್ನೇಹವನ್ನೂ ದಾರಿ ತಪ್ಪಿದ ತಮ್ಮನನ್ನೂ ಅಷ್ಟು ಸುಲಭವಾಗಿ ಕೈಬಿಡಲಾರನು.

ಮೋಹವನ್ನು ಗುರುತಿಸುವ ಲಕ್ಷಣವೂ ಇಲ್ಲಿಯೇ ದೊರೆಯುತ್ತದೆ. ಕಾರ್ಕಳದ ಗೊಮ್ಮಟನು 1432ರಿಂದ ನಿಂತಿದ್ದಾನೆ. ಏಕಶಿಲೆಯ ಆ ಮೂರ್ತಿಯೂ ಮಳೆಗಾಳಿಗೆ ಮೈಯೊಡ್ಡಿದೆ. ಕಲ್ಲಿಗೇ ಹೀಗಿರುವಾಗ ಕಬ್ಬಿಣದ ಪಾಡೇನು? ಎಷ್ಟು ಜತನ ಮಾಡಿದರೂ ಆ ಕಾರು ಒಂದು ದಿನ ಮತ್ತೆ ಜೀರ್ಣವಾಗುವುದು. ಇದನ್ನರಿತೂ ಶ್ರದ್ಧೆಯಿಂದ ತಿರುಪು ಬಿಗಿಯುವವನು ಸೇವಕನು. ಇದನ್ನು ಮರೆತು ‘ನನ್ನದು’ ಎಂದು ಬೀಗುವವನು, ನೆರೆಯ ಹುಡುಗನು ಮುಟ್ಟಿದರೆ ಸಿಡಿಮಿಡಿಗೊಳ್ಳುವವನು ಮೋಹಿ. ಕೆಲಸ ಒಂದೇ, ಕೈಯೂ ಒಂದೇ, ಭಾವ ಬೇರೆ.

ಆದುದರಿಂದ ವಾಚಕರೇ, ನಿಮ್ಮ ಮನೆಯಲ್ಲಿ ಕಾರಿಲ್ಲದಿರಬಹುದು. ಹಳೆಯ ಹೊಲಿಗೆ ಯಂತ್ರವಿರಬಹುದು, ಸೈಕಲ್ಲಿರಬಹುದು, ತಂದೆಯವರ ಗಡಿಯಾರವಿರಬಹುದು. ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಮೊದಲು ಅಡಿಯನ್ನು ನೋಡಿರಿ, ಬಣ್ಣವನ್ನು ಕೊನೆಗೆ ಹಚ್ಚಿರಿ, ಮಾಡಿದುದನ್ನು ಇದ್ದಂತೆ ಹೇಳಿರಿ. ವಸ್ತುವಿನಲ್ಲಿ ರೂಢಿಯಾದ ಈ ಕ್ರಮ ಬಾಳಿನಲ್ಲಿಯೂ ನಿಮಗೆ ನೆರವಾಗಲೆಂದು ಹಾರೈಸುತ್ತೇವೆ.