ಜೇಬಿನಲ್ಲಿ ಒಂದು ಗುಂಡು

ಸೊಂಟದಲ್ಲಿ ರಿವಾಲ್ವರ್, ಅಂಗಿಯ ಜೇಬಿನಲ್ಲಿ ಗುಂಡು. ಒಂದೇ ಗುಂಡು. ರಿವಾಲ್ವರ್ ಖಾಲಿ. ಅಗತ್ಯ ಬಿದ್ದರೆ ಜೇಬಿಗೆ ಕೈಹಾಕಿ, ತಡಕಾಡಿ, ಗುಂಡನ್ನು ಹೊರತೆಗೆದು ತುಂಬಿಕೊಳ್ಳಬೇಕು. ಅಷ್ಟರಲ್ಲಿ ಕಳ್ಳ ಊರು ದಾಟಿರುತ್ತಾನೆ. ಒಂದು ವೇಳೆ ಹೊತ್ತಿಗೆ ಸರಿಯಾಗಿ ತುಂಬಿಕೊಂಡರೂ ಅದು ಹಾರುವುದು ನೆಲಕ್ಕೋ ಸೂರಿಗೋ. ಆಗ ಶೆರಿಫ್ ಆಂಡಿ ಟೇಲರ್ ಏನೂ ಮಾತಾಡದೆ ಕೈ ಚಾಚುತ್ತಾನೆ. ಡೆಪ್ಯುಟಿ ಬಾರ್ನಿ ಫೈಫ್ ಮುಖ ಸಣ್ಣದು ಮಾಡಿಕೊಂಡು ರಿವಾಲ್ವರನ್ನು ಆ ಕೈಗೆ ಕೊಡುತ್ತಾನೆ. ಮಗು ಕತ್ತರಿ ಎತ್ತಿಕೊಂಡಾಗ ಅಮ್ಮ ಗದರದೆ ಸುಮ್ಮನೆ ಅಂಗೈ ಮುಂದೆ ಹಿಡಿಯುತ್ತಾಳಲ್ಲ, ಹಾಗೆ.

'ದಿ ಆಂಡಿ ಗ್ರಿಫಿತ್ ಶೋ' ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದದ್ದು 1960ರ ಅಕ್ಟೋಬರ್ 3ರಂದು, ಮುಗಿದದ್ದು 1968ರ ಏಪ್ರಿಲ್ 1ರಂದು. ಒಟ್ಟು 249 ಕಂತುಗಳು. ಕತೆ ನಡೆಯುವುದು ನಾರ್ತ್ ಕ್ಯಾರೊಲೈನಾ ರಾಜ್ಯದ ಮೇಬೆರಿ ಎಂಬ ಸಣ್ಣ ಊರಿನಲ್ಲಿ. ಭೂಪಟದಲ್ಲಿ ಆ ಊರಿಲ್ಲ. ಆದರೂ ಆಗುಂಬೆಗೆ ಹೋಗಿ ಮಾಲ್ಗುಡಿಯನ್ನು ಹುಡುಕುವವರು ನಮ್ಮಲ್ಲಿರುವಂತೆ, ಆಂಡಿಯ ಪಾತ್ರ ಮಾಡಿದ ನಟ ಗ್ರಿಫಿತ್ ಹುಟ್ಟಿದ ಮೌಂಟ್ ಏರಿಗೆ ಹೋಗಿ ಮೇಬೆರಿಯನ್ನು ಹುಡುಕುವವರು ಅಲ್ಲಿದ್ದಾರೆ. ಶೆರಿಫ್ ಎಂದರೆ ಮುಂಬಯಿಯಲ್ಲಿರುವಂಥ ಗೌರವದ ಹುದ್ದೆಯಲ್ಲ. ಅಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ, ಜನ ಮತ ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ ಅವನು. ಅವನು ನೇಮಿಸಿಕೊಳ್ಳುವ ಕೈಕೆಳಗಿನವನೇ ಡೆಪ್ಯುಟಿ. ಆಂಡಿ ಸಾಮಾನ್ಯವಾಗಿ ಬಂದೂಕು ಕಟ್ಟಿಕೊಳ್ಳುವುದೇ ಇಲ್ಲ. ಕಟ್ಟಿಕೊಳ್ಳುವವನು ಬಾರ್ನಿ.

ಬಾರ್ನಿ ಕಡ್ಡಿಯಂಥ ಆಳು. ಟೋಪಿ ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ನಿಯಮದ ಪುಸ್ತಕ ಅವನಿಗೆ ವೇದ. ಬಾಯಿ ತೆರೆದರೆ ಕಾನೂನು, ಬಾಯಿ ಮುಚ್ಚಿದರೆ ಗಂಟಲಲ್ಲಿ ಎಂಜಲು ನುಂಗಿದ ಸದ್ದು. ತನ್ನ ಕಂಬಿಯೊಳಗೆ ತಾನೇ ಸಿಕ್ಕಿಹಾಕಿಕೊಳ್ಳುತ್ತಾನೆ. ಒಮ್ಮೆ ಆಂಡಿ ಇಲ್ಲದ ಹೊತ್ತಿನಲ್ಲಿ, ಪೆಟ್ರೋಲ್ ಬಂಕಿನ ಮುಗ್ಧ ಹುಡುಗ ಗೋಮರ್‌ನನ್ನು ತಾತ್ಕಾಲಿಕ ಡೆಪ್ಯುಟಿ ಮಾಡಿಕೊಂಡು ಇಬ್ಬರು ನಿಜವಾದ ದರೋಡೆಕೋರರನ್ನು ಕಾಯುವ ಕೆಲಸ ಬರುತ್ತದೆ. ಬಾರ್ನಿ ಆ ಕೈದಿಗಳ ಮುಂದೆ ಸೆಟೆದು ನಿಂತು ಜೈಲಿನ ಎರಡು ಮಹಾನಿಯಮಗಳನ್ನು ಸಾರುತ್ತಾನೆ. ಒಂದು, ಎಲ್ಲ ನಿಯಮಗಳನ್ನೂ ಪಾಲಿಸಬೇಕು. ಎರಡು, ಗೋಡೆಯ ಮೇಲೆ ಬರೆಯಬಾರದು, ಏಕೆಂದರೆ ಅಳಿಸುವುದು ಬಲು ಕಷ್ಟ. ಕೈದಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ತಪ್ಪಿಸಿಕೊಳ್ಳುತ್ತಾರೆ.

ಇಷ್ಟಕ್ಕೆ ನಗು ಸಾಕು. ಪೆದ್ದು ಪೊಲೀಸನನ್ನು ನೋಡಿ ನಗುವುದು ಎಲ್ಲ ಊರಿನಲ್ಲೂ ಇದೆ. ನಮ್ಮ ನಾಟಕ ಕಂಪನಿಗಳ ದಫೇದಾರನೂ ಅದೇ ಜಾತಿಯವನು. ನನ್ನನ್ನು ಬೆರಗಾಗಿಸುವುದು ಬೇರೆ. ಇಡೀ ಊರಿಗೆ ಬಾರ್ನಿ ಎಂಥವನೆಂದು ಗೊತ್ತು. ಅದು ಬಾರ್ನಿಯೊಬ್ಬನಿಗೆ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬರಲು ಆ ಊರಿನ ಶೆರಿಫ್ ಕಂತಿನಿಂದ ಕಂತಿಗೆ ಎಷ್ಟು ದುಡಿಯುತ್ತಾನೆ!

ಒಂದು ಕಂತಿನಲ್ಲಿ ಬಾರ್ನಿ ಊರಿನ ವೃಂದಗಾನಕ್ಕೆ ಸೇರಿಕೊಳ್ಳುತ್ತಾನೆ. ಶ್ರುತಿ ಎಂಬುದು ಅವನ ಕಡೆ ತಲೆ ಹಾಕಿಯೂ ಮಲಗಿದ್ದಿಲ್ಲ. ಹೊರಗೆ ಹಾಕುವ ಎದೆಗಾರಿಕೆ ಯಾರಿಗೂ ಇಲ್ಲ. ಕೊನೆಗೆ ಆಂಡಿ ಒಂದು ಉಪಾಯ ಹೂಡುತ್ತಾನೆ. ಈ ಮೈಕು ಬಹಳ ಸೂಕ್ಷ್ಮ, ಪಿಸುಗುಟ್ಟಿದರೆ ಸಾಕು ಎಂದು ಬಾರ್ನಿಯನ್ನು ನಂಬಿಸಿ, ತೆರೆಯ ಹಿಂದೆ ಇನ್ನೊಬ್ಬ ಒಳ್ಳೆಯ ಗಾಯಕನನ್ನು ನಿಲ್ಲಿಸುತ್ತಾನೆ. ತನ್ನ ತುಟಿಯಿಂದ ಹೊರಟ ಉಸಿರು ಸಭೆಯಲ್ಲಿ ಗಂಭೀರ ಕಂಠವಾಗಿ ಮೊಳಗಿದಾಗ ಬಾರ್ನಿಯ ಕಣ್ಣು ಅರಳುವುದನ್ನು ನೋಡಬೇಕು. ಮೊದಲು ಅಚ್ಚರಿ, ಆಮೇಲೆ ಸಂದೇಹವೇ ಇಲ್ಲದ ಒಪ್ಪಿಗೆ. ಇದು ನನಗೆ ಮೊದಲೇ ಗೊತ್ತಿತ್ತು ಎಂಬಂಥ ಮುಖ.

ಇನ್ನೊಂದರಲ್ಲಿ ಅಮೆರಿಕದ ಸಂವಿಧಾನದ ಪ್ರಸ್ತಾವನೆಯನ್ನು ತಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಇಂದಿಗೂ ಒಂದಕ್ಷರ ಬಿಡದೆ ಹೇಳಬಲ್ಲೆ ಎಂದು ಬಡಾಯಿ ಕೊಚ್ಚುತ್ತಾನೆ. ಆಂಡಿ ಹೇಳು ಎನ್ನುತ್ತಾನೆ. ಬಾರ್ನಿಗೆ ಮೊದಲ ಪದವೇ ಹೊರಡುವುದಿಲ್ಲ. ಆಂಡಿ ತುಟಿಯಾಡಿಸಿ ಒಂದೊಂದೇ ಪದದ ಎಳೆ ಕೊಡುತ್ತ ಹೋಗುತ್ತಾನೆ, ಬಾರ್ನಿ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಹೇಳುತ್ತ ಹೋಗುತ್ತಾನೆ. ಹೆರಿಗೆಯಷ್ಟು ಕಷ್ಟಪಟ್ಟು ಪಾಠ ಮುಗಿಯುತ್ತದೆ. ಮುಗಿದ ಕೂಡಲೆ ಬಾರ್ನಿ ಹೇಳುವುದು, ಒಮ್ಮೆ ಕಲಿತದ್ದನ್ನು ತಾನು ಮರೆಯುವವನೇ ಅಲ್ಲವೆಂದು. ಆಂಡಿ ತಲೆಯಾಡಿಸುತ್ತಾನೆ. ಆ ತಲೆಯಾಡಿಕೆಯಲ್ಲಿ ವ್ಯಂಗ್ಯ ಇದೆಯೇ ಎಂದು ಹಲವು ಸಲ ನೋಡಿದ್ದೇನೆ. ಚೂರು ಇದೆ. ಚೂರೇ.

ನಮಗಿದು ಗೊತ್ತಿಲ್ಲದ ಜೋಡಿಯಲ್ಲ. ಒಲೆಯ ಮುಂದೆ ಪೌರುಷ ಕೊಚ್ಚಿದ ಉತ್ತರಕುಮಾರ, ಅವನ ರಥಕ್ಕೆ ಸಾರಥಿಯಾಗಿ ಕೂತ ಬೃಹನ್ನಳೆ. ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ ಆ ಹುಡುಗನನ್ನು ಹಿಡಿದು ತಂದು, ಯುದ್ಧ ತಾನು ಗೆದ್ದು, ಊರಿಗೆ ಮರಳುವಾಗ ಗೆದ್ದವನು ನೀನೇ ಎಂದು ಸಾರಿಸು ಎಂದನಲ್ಲ ಅರ್ಜುನ! ಯಕ್ಷಗಾನದಲ್ಲಿ ಉತ್ತರ ಓಡುವುದಕ್ಕೆ ನಾವು ನಕ್ಕಿದ್ದೇ ನಕ್ಕಿದ್ದು. ಅರ್ಜುನನ ಈ ಮಾತಿಗೆ ಎಷ್ಟು ಜನ ಒಂದು ಕ್ಷಣ ನಿಂತು ನೋಡಿದ್ದೇವೆ? ಅಜ್ಞಾತವಾಸದ ಗುಟ್ಟು ಉಳಿಸಿಕೊಳ್ಳಲು ಹಾಗೆಂದ ಎನ್ನಬಹುದು, ನಿಜ. ಆಂಡಿಗೆ ಅಂಥ ಗುಟ್ಟೂ ಇಲ್ಲ.

ಆದರೆ ಬಾರ್ನಿಯನ್ನು ಉತ್ತರನೆಂದು ಕೈತೊಳೆದುಕೊಳ್ಳುವುದೂ ಅನ್ಯಾಯ. 1962ರ ಒಂದು ಕಂತಿನಲ್ಲಿ ಅಪ್ಪಣೆಯಿಲ್ಲದೆ ರಸ್ತೆಬದಿ ವ್ಯಾಪಾರಕ್ಕೆ ಕೂತ ಇಬ್ಬರು ಧಡೂತಿ ರೈತರನ್ನು ಎಬ್ಬಿಸಲು ಬಾರ್ನಿ ಹೋಗುತ್ತಾನೆ. ಅವರು ಹೆದರಿಸಿ ಓಡಿಸುತ್ತಾರೆ. ಆಂಡಿ ಗುಟ್ಟಾಗಿ ಹೋಗಿ, ನಮ್ಮ ಡೆಪ್ಯುಟಿ ನೋಡಲು ಹಾಗೆ, ಮಹಾ ಕೊಲೆಗಡುಕ ಎಂದು ಕತೆ ಕಟ್ಟಿ ಅವರನ್ನು ಬೆದರಿಸುತ್ತಾನೆ. ಮರುಸಲ ಬಾರ್ನಿ ಹೋದಾಗ ಅವರು ನಡುಗುತ್ತ ಗಂಟುಮೂಟೆ ಕಟ್ಟುತ್ತಾರೆ, ಬಾರ್ನಿ ನೆಲದ ಮೇಲೆ ನಡೆಯುವುದನ್ನೇ ಬಿಡುತ್ತಾನೆ. ಆಮೇಲೆ ನಿಜ ಹೊರಬೀಳುತ್ತದೆ. ಅವರಿಗೂ ತಿಳಿಯುತ್ತದೆ, ಬಾರ್ನಿಗೂ ತಿಳಿಯುತ್ತದೆ. ತೆರೆಯ ಹಿಂದಿನ ಗಾಯಕ ಬಯಲಿಗೆ ಬಂದ ಹಾಗೆ.

ಬಾರ್ನಿ ಆಮೇಲೂ ಹೋಗುತ್ತಾನೆ. ಒಬ್ಬನೇ. ಮೊಣಕಾಲು ನಡುಗುತ್ತಿದೆ. ನೀವಿಬ್ಬರೂ ನನಗಿಂತ ದೊಡ್ಡವರು ಹೌದು, ಆದರೆ ಈ ಬಿಲ್ಲೆಯ ಹಿಂದೆ ಬಹಳ ಜನರಿದ್ದಾರೆ, ಅವರು ನಿಮಗಿಂತ ದೊಡ್ಡವರು ಎಂಬರ್ಥದ ಮಾತನ್ನು ಹೇಳುತ್ತಾನೆ. ಆ ಹೊತ್ತು ಅವನ ಪಾಲಿಗೆ ಕತೆಯೂ ಇಲ್ಲ, ಖ್ಯಾತಿಯೂ ಇಲ್ಲ, ಒಂದು ತಗಡಿನ ನಕ್ಷತ್ರವಷ್ಟೆ. ಅವರು ಎದ್ದು ಹೋಗುತ್ತಾರೆ. ಅಧಿಕಾರ ಎಂದರೇನು ಎಂಬುದರ ಬಗ್ಗೆ ಕೇಳಿದ ಎಷ್ಟೋ ಭಾಷಣಗಳು ನನಗೆ ಮರೆತುಹೋಗಿವೆ, ಈ ನಡುಗುವ ಕಾಲು ಮರೆತಿಲ್ಲ.

ಆ ನಡುಕ ಡಾನ್ ನಾಟ್ಸ್ ಎಂಬ ನಟನದು. 1924ರಲ್ಲಿ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ ಹುಟ್ಟಿದವನು. ತಂದೆಗೆ ತೀವ್ರ ಮಾನಸಿಕ ಕಾಯಿಲೆ. ಚಾಕು ಹಿಡಿದು ಮಗನನ್ನು ಬೆದರಿಸಿದ್ದೂ ಉಂಟು. ತಾಯಿ ಬಾಡಿಗೆಗೆ ಕೋಣೆಗಳನ್ನು ಕೊಟ್ಟು ಸಂಸಾರ ನಡೆಸಿದಳು. ಆಯುಧ ಕಂಡರೆ ಗಂಟಲು ಒಣಗುವ ಪಾತ್ರವನ್ನು ಇಂಥ ಮನೆಯಿಂದ ಬಂದವನು ಮಾಡಿದ ಎಂಬುದರಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಆದರೂ ಗೊತ್ತಾದ ಮೇಲೆ ಆ ಒಂದು ಗುಂಡು ಹಿಂದಿನ ಹಾಗೆ ಕಾಣುವುದಿಲ್ಲ.

ಧಾರಾವಾಹಿಯ ಮೊದಲ ಯೋಜನೆಯಲ್ಲಿ ಡೆಪ್ಯುಟಿಯೇ ಇರಲಿಲ್ಲ. 1960ರ ಫೆಬ್ರವರಿ 15ರಂದು ಇನ್ನೊಂದು ಕಾರ್ಯಕ್ರಮದ ಒಂದು ಕಂತಾಗಿ ಅದರ ಮಾದರಿ ಪ್ರಸಾರವಾಯಿತು. ನೋಡಿದ ನಾಟ್ಸ್ ಹಳೆಯ ಗೆಳೆಯ ಗ್ರಿಫಿತ್‌ಗೆ ಫೋನ್ ಮಾಡಿ, ನಿನ್ನ ಶೆರಿಫ್‌ಗೆ ಒಬ್ಬ ಡೆಪ್ಯುಟಿ ಬೇಡವೇ ಎಂದು ಕೇಳಿದ. ನಗಿಸುವವನು ಗ್ರಿಫಿತ್ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹೆಸರೇ ಅವನದು. ನಾಟ್ಸ್ ಬಂದು ಒಂದೆರಡು ಕಂತಾಗುವಷ್ಟರಲ್ಲಿ ಗ್ರಿಫಿತ್‌ಗೆ ಲೆಕ್ಕ ಸಿಕ್ಕಿತು. ನಗು ನಾಟ್ಸ್‌ಗೆ ಬಿಟ್ಟು, ತಾನು ಪಕ್ಕದಲ್ಲಿ ನಿಂತು ಎಳೆ ಕೊಡುವವನಾದ. ಬಾರ್ನಿಯ ಪಾತ್ರಕ್ಕೆ ನಾಟ್ಸ್‌ಗೆ, ಅಮೆರಿಕದ ಟೀವಿ ಲೋಕದವರು ಕೊಡುವ ಎಮ್ಮಿ ಪ್ರಶಸ್ತಿಗಳು ಐದು ಬಂದವು. ಗ್ರಿಫಿತ್‌ಗೆ ಒಂದೂ ಇಲ್ಲ. ಪರದೆಯ ಮೇಲೆ ಆಂಡಿ ಬಾರ್ನಿಗೆ ಮಾಡುತ್ತಿದ್ದುದನ್ನೇ ಪರದೆಯ ಹಿಂದೆ ಗ್ರಿಫಿತ್ ನಾಟ್ಸ್‌ಗೆ ಮಾಡುತ್ತಿದ್ದ ಎಂದರೆ ತಪ್ಪಾಗದು.

ಮೇಬೆರಿಯ ಜೈಲಿನ ಬಗ್ಗೆ ಹೇಳಲೇಬೇಕು. ಊರಿನ ಕುಡುಕ ಓಟಿಸ್ ಅಮಲೇರಿದಾಗ ತಾನೇ ಠಾಣೆಗೆ ಬಂದು, ಗೋಡೆಯಲ್ಲಿ ತೂಗುಹಾಕಿದ ಬೀಗದಕೈ ತೆಗೆದು, ಕಂಬಿಯೊಳಗೆ ಹೋಗಿ ಮಲಗುತ್ತಾನೆ. ಬೆಳಿಗ್ಗೆ ಕಂಬಿಯ ಸಂದಿನಿಂದ ಕೈಚಾಚಿದರೆ ಬೀಗದಕೈ ಎಟುಕುತ್ತದೆ. ತೆರೆದುಕೊಂಡು ಮನೆಗೆ. ಅವನ ಸೋದರ ಊರಿಗೆ ಬರುವ ಸುದ್ದಿ ಬಂದಾಗ, ತಾನು ಪೊಲೀಸ್ ಕೆಲಸದಲ್ಲಿದ್ದೇನೆ ಎಂದು ಮನೆಯವರನ್ನು ನಂಬಿಸಿಟ್ಟಿದ್ದ ಓಟಿಸ್ ಪೇಚಿಗೆ ಬೀಳುತ್ತಾನೆ. ಆಂಡಿ ಅವನ ಎದೆಗೂ ಒಂದು ಬಿಲ್ಲೆ ಚುಚ್ಚುತ್ತಾನೆ.

ಇಲ್ಲಿ ನನ್ನ ಬೆರಗಿಗೆ ಒಂದು ಮುಳ್ಳು ತಗಲುತ್ತದೆ. ಮಾದರಿ ಕಂತು ಪ್ರಸಾರವಾಗುವುದಕ್ಕೆ ಎರಡು ವಾರ ಮೊದಲು, ಫೆಬ್ರವರಿ 1ರಂದು, ಅದೇ ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕಟ್ಟೆಯಲ್ಲಿ ಕೂತು ಕಾಫಿ ಕೇಳಿದ್ದರು. ಮೌಂಟ್ ಏರಿಯಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಮೇಬೆರಿಯ ಬೀದಿಗಳಲ್ಲಿ ಕಪ್ಪು ಮುಖ ಹಿನ್ನೆಲೆಯಲ್ಲಿ ಸುಳಿದು ಹೋಗುತ್ತದೆ, ನಿಂತು ಮಾತಾಡುವುದು ತೀರಾ ಅಪರೂಪ. ಬಾರ್ನಿ ದೇಶವನ್ನೆಲ್ಲ ನಗಿಸುತ್ತಿದ್ದ ಹೊತ್ತಿನಲ್ಲೇ, 1964ರ ಜೂನ್ 21ರಂದು, ಮಿಸಿಸಿಪಿಯ ನೆಶೋಬಾ ಕೌಂಟಿಯಲ್ಲಿ ಸೆಸಿಲ್ ಪ್ರೈಸ್ ಎಂಬ ನಿಜವಾದ ಡೆಪ್ಯುಟಿ ಶೆರಿಫ್ ಮೂವರು ತರುಣರ ಕಾರು ತಡೆದು ಜೈಲಿಗೆ ಹಾಕಿದ. ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವರ್ನರ್. ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದವರು. ರಾತ್ರಿ ಅವರಿಗೂ ಜೈಲಿನ ಬಾಗಿಲು ತೆರೆಯಿತು. ಬಿಟ್ಟಂತೆ ಮಾಡಿ, ಹಿಂಬಾಲಿಸಿ ಹೋಗಿ ಮತ್ತೆ ಹಿಡಿದು, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಪ್ತಕೂಟ ಕೂ ಕ್ಲಕ್ಸ್ ಕ್ಲಾನ್‌ನವರ ಕೈಗೆ ಒಪ್ಪಿಸಿದ. ಮೂವರ ದೇಹಗಳು ಸಿಕ್ಕಿದ್ದು ಆಗಸ್ಟ್ 4ರಂದು, ಒಂದು ಮಣ್ಣಿನ ಒಡ್ಡಿನಡಿ.

ಅವನ ರಿವಾಲ್ವರ್ ಖಾಲಿಯಿದ್ದಿರಲಾರದು.

ಹಾಗಾದರೆ ಮೇಬೆರಿ ಸುಳ್ಳೇ? ಸುಳ್ಳೇ. ಸಿಹಿ ಸುಳ್ಳು, ಯಾರನ್ನು ಹೊರಗಿಟ್ಟು ಆ ಸಿಹಿ ಬಂತೆಂದು ಕೇಳಲೇಬೇಕಾದ ಸುಳ್ಳು. ಆದರೂ ಆ ದಿನಗಳಲ್ಲಿ ಆ ನಾಡಿನ ಪೊಲೀಸನನ್ನು ಕಲ್ಪಿಸಿಕೊಳ್ಳಲು ಕೂತವರು ಅವನ ಬಂದೂಕಿನಿಂದ ಗುಂಡುಗಳನ್ನು ತೆಗೆದು, ಒಂದನ್ನು ಮಾತ್ರ ಜೇಬಿಗೆ ಹಾಕಿ, ಗುಂಡಿ ಮುಚ್ಚಿದರು ಎಂಬುದನ್ನು ನೆನೆದಾಗ ನಗು ಗಂಟಲಲ್ಲೇ ಎಲ್ಲೋ ನಿಲ್ಲುತ್ತದೆ. ಅವರಿಗೆ ಗೊತ್ತಿತ್ತೇ, ಗೊತ್ತಿಲ್ಲದೆ ಕೈ ತಾನಾಗಿ ಹಾಗೆ ಆಡಿತೇ? ಎರಡನೆಯದೇ ಇರಬೇಕೆಂದು ನನಗನಿಸುತ್ತದೆ.

1965ರಲ್ಲಿ, ಐದು ವರ್ಷ ಮುಗಿಸಿ ನಾಟ್ಸ್ ಸಿನಿಮಾಕ್ಕೆ ಹೊರಟುಹೋದ. ಬಾರ್ನಿಗೆ ರಾಲಿ ನಗರದಲ್ಲಿ ಕೆಲಸ ಸಿಕ್ಕಿತೆಂದು ಕತೆಯಲ್ಲಿ ಹೇಳಿ ಮುಗಿಸಿದರು. ಅವನ ಜಾಗಕ್ಕೆ ತಂದ ಹೊಸ ಡೆಪ್ಯುಟಿ ಒಂದು ವರ್ಷವೂ ಬಾಳಲಿಲ್ಲ. ಅದೇ ಹೊತ್ತಿಗೆ ಧಾರಾವಾಹಿಗೆ ಬಣ್ಣ ಬಂತು. ಕೊನೆಯ ವರ್ಷ ಅದು ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮವೂ ಆಯಿತು, ಇರಲಿ. ನನ್ನ ಮಟ್ಟಿಗೆ ಬಣ್ಣ ಬಂದು ಊರು ಖಾಲಿಯಾಯಿತು. 2006ರ ಫೆಬ್ರವರಿಯಲ್ಲಿ ನಾಟ್ಸ್ ಕೊನೆಯುಸಿರೆಳೆಯುವ ಮುನ್ನ ಗ್ರಿಫಿತ್ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಬಂದಿದ್ದ.

ನೋಡುವ ಮನಸ್ಸಾದರೆ ಕಪ್ಪು-ಬಿಳುಪಿನ 159 ಕಂತುಗಳಲ್ಲೇ ಹುಡುಕಿ. ರಸ್ತೆಬದಿಯ ಆ ಇಬ್ಬರು ಧಡೂತಿಗಳದು ಮೂರನೆಯ ವರ್ಷದ ಕಂತು. ಬಾರ್ನಿ ಎರಡನೆಯ ಸಲ ಹೋದಾಗ ಅವನ ಮುಖ ನೋಡಿ. ಮೂರನೆಯ ಸಲ ಹೋದಾಗ ಕಾಲು ನೋಡಿ.